ಸಾಹೇಬರ ರೇಷ್ಮೆ ಶಾಲು

ಮಕ್ಕಳಿಗೆ ಉಳಿತಾಯ, ಖರ್ಚಿನ ಪಾಠ ಹೇಳಲೆಂದು ನಮ್ಮೂರ ಶಾಲೆಗೆ ಅನುದಾನ ಬಂತು. ಆ ಪಾಠದ ಉದ್ಘಾಟನೆಗೆ ಬರಬೇಕಿದ್ದ, ಅನುದಾನ ಮಂಜೂರು ಮಾಡುವ ಸಾಹೇಬರು ಫೋನಿನಲ್ಲೇ ಗುಡುಗಿದರು: "ಆ ದುಡ್ಡಿನಾಗ ನನಗೊಂದು ರೇಷ್ಮೆ ಶಾಲು ತರ್ರಿ. ಇಲ್ಲಂದ್ರ ಮುಂದಿನ ಕಂತು ಮರೀರಿ!"

"ಆತ್ರಿ ಸಾಹೇಬ್ರ," ಎಂದಳು ಶಾಲೆಯ ಗುಮಾಸ್ತೆ ನೀಲವ್ವ.

ವೇದಿಕೆ ಹತ್ತಿದ ಸಾಹೇಬರು ಭಾಷಣ ಬಿಗಿದರು: "ಮಕ್ಕಳೇ, ಏನೇ ಕೊಳ್ಳುವ ಮುಂಚೆ 'ಇದು ಬೇಕೇಬೇಕಾ?' ಎಂದು ಕೇಳಬೇಕು!"

ಚಪ್ಪಾಳೆ ನಿಲ್ಲುವಷ್ಟರಲ್ಲಿ ನೀಲವ್ವ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಂದಳು. "ಅನುದಾನದ ದುಡ್ಡಿನಾಗ ಸಾಹೇಬರಿಗೆ ರೇಷ್ಮೆ ಶಾಲು! ಈಗ ಏನು ಕೇಳಬೇಕು, ಮಕ್ಕಳೇ?"

"ಇದು ಬೇಕೇಬೇಕಾ?" ಇಡೀ ಶಾಲೆ ಕೂಗಿತು.

ಸಾಹೇಬರು ಬೆವೆತರು. "ಬ್ಯಾಡ, ಬ್ಯಾಡ! ಅಂಗಡಿಗೆ ವಾಪಸ್ ಕೊಡ್ರಿ."

ನೀಲವ್ವ ಬಟ್ಟೆ ಸರಿಸಿದಳು. ತಟ್ಟೆ ಖಾಲಿ.

"ನೀವು ಬ್ಯಾಡ ಅಂತೀರಿ ಅಂತ ಗೊತ್ತಿತ್ರಿ. ತಂದೇ ಇಲ್ರಿ!"