ಕೈ ಬಿಟ್ಟರೂ ಬೀಳದ ಬಾಗಿಲು

ಬೊಮ್ಮರಸ ಪಟ್ಟಕ್ಕೆ ಬಂದ ಆರನೆಯ ವರ್ಷ, ಮಾಘ ಮಾಸದ ಒಂದು ಸೋಮವಾರ, ಕರಿಗುಂಡಿ ಕೋಟೆಯಲ್ಲಿ ಡಂಗುರ ಸಾರಿದರು: “ಭಂಡಾರದ ಕಲ್ಲುಬಾಗಿಲನ್ನು ಒಬ್ಬರೇ ಎತ್ತಬೇಕು. ಮೊದಲು ಅರಸರ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆದಂಡ.”

ಸರಪಳಿ ಹರಿದು ಬಾಗಿಲು ಬಿದ್ದು ನಾಲ್ಕು ದಿನವಾಗಿತ್ತು. ಒಳಗೆ ಕಸ ಗುಡಿಸುತ್ತಿದ್ದ ಮಾಲಿಂಗ ಸಿಕ್ಕಿಬಿದ್ದಿದ್ದ. ಗೋಡೆಯ ಬಿರುಕಿನಿಂದ ಅವನಿಗೆ ಗಂಜಿ ಇಳಿಯುತ್ತಿತ್ತು. ಮೂವತ್ತು ಜನ ಸೇರಿದರೆ ಬಾಗಿಲು ಏಳುತ್ತಿತ್ತು. ಆದರೆ ಭಂಡಾರದ ಮುಂದೆ ಮೂವತ್ತು ಜನ ಸೇರುವುದನ್ನು ಅರಸ ಒಪ್ಪಲಿಲ್ಲ. ಒಬ್ಬರೇ ಎತ್ತುವ ಉಪಾಯವನ್ನು ಬಾಗಿಲು ಮಾಡಿದ ಶಿಲ್ಪಿ ಅವನಿಗೆ ಮಾತ್ರ ಹೇಳಿ ಸತ್ತಿದ್ದ. ಅರಸನಿಗೆ ಅದನ್ನು ಮಾಡಲು ಬಾರದು. ಬೇರೆಯವರಿಗೆ ಹೇಳಿದರೆ ಗುಟ್ಟು ಹೋಗುತ್ತದೆ. ಹಾಗಾಗಿ ಮೊದಲೇ ಬಲ್ಲವರು ಬೇಕಿತ್ತು.

“ಇದ್ದಲ್ಲೇ ತಿರುಗುತ್ತದೆ, ತಲೆಯ ಮೇಲೆ ಹೊರೆ ಹೊತ್ತು ಮೇಲೇರುತ್ತದೆ. ಏನದು?” ಎಂದು ಅರಸ ಕೇಳಿದ.

“ಸುಂಟರಗಾಳಿ!” ಎಂದ ದಳವಾಯಿಯ ಅಳಿಯ.

“ಸುಂಟರಗಾಳಿ ಇದ್ದಲ್ಲಿ ಇರುತ್ತದೇನಯ್ಯ? ಬೇಡಿ ಹಾಕಿ.”

“ಕುಂಬಾರನ ತಿಗರಿಯ ಮೇಲಿನ ಮಡಕೆ,” ಎಂದ ಒಬ್ಬ ಗಂಧದ ವ್ಯಾಪಾರಿ.

“ಹಸಿ ಮಡಕೆ ಹೊರೆ ಹೊರುತ್ತದೆಯೇ? ಇವನಿಗೂ ಹಾಕಿ.”

ಮೂರನೆಯವಳು ಮಾಲಿಂಗನ ತಂಗಿ ಚೌಡಿ, ಮರ ಕಡೆಯುವವಳು. “ತಿರುಪು,” ಎಂದಳು.

ಸಭೆ ನಕ್ಕಿತು. “ತಿರುಪೆ ಬೇಕಾದರೆ ಹಿತ್ತಲ ಬಾಗಿಲಿಗೆ ಹೋಗಮ್ಮ,” ಎಂದ ದಳವಾಯಿ. ಅರಸ ಮಾತ್ರ ನಗಲಿಲ್ಲ.

“ಯಾವ ಏರುದಾರಿಯನ್ನು ಕೋಲಿಗೆ ಸುತ್ತಿ ಬಗಲಲ್ಲಿಟ್ಟುಕೊಂಡು ಹೋಗಬಹುದು?”

“ತಿರುಪಿನ ಮೈಯಲ್ಲಿ ಕೊರೆದ ಸುತ್ತುಗೆರೆ, ಬುದ್ಧಿ. ನೆಟ್ಟಗೆ ಎತ್ತೋಕೆ ಆಗದ ಭಾರ, ಸುತ್ತಿ ಸುತ್ತಿ ಹತ್ತಿಸಿದರೆ ಹತ್ತುತ್ತೆ.”

“ಕೈ ಬಿಟ್ಟರೂ ಕೈ ಬಿಡದ್ದು?”

“ಅದೂ ತಿರುಪೇ. ಗೆರೆಯ ಏರು ಸಣ್ಣದಿದ್ದರೆ ಹೊರೆ ಹಿಂದಕ್ಕೆ ಜಾರೋದಿಲ್ಲ.”

ಅರಸ ಎದ್ದು ನಿಂತ. “ಮೂರಕ್ಕೂ ಒಂದೇ ಉತ್ತರ. ಯಾರು ಹೇಳಿಕೊಟ್ಟರು?”

“ಹತ್ತಿಯಿಂದ ಬೀಜ ಬಿಡಿಸೋ ರಾಟೆಗೆ ದಿನಾ ಇದೇ ಗೆರೆ ಕೊರೀತೀನಿ. ರಾಣಿಯಮ್ಮನವರ ಮೂಗುತಿಗೂ ತಿರುಪು ಇದೆಯಲ್ಲ, ಬುದ್ಧಿ.”

ರಾಣಿ ಮೂಗು ಮುಟ್ಟಿಕೊಂಡಳು. ಅರಸ ಅವಳನ್ನೂ ಅನುಮಾನದಿಂದ ನೋಡಿದ.

“ಬಾಗಿಲು ಎತ್ತಿದರೆ ಏನು ಬೇಕು?”

“ನಮ್ಮಣ್ಣ. ಬೇಡಿ ಹಾಕಿದ ಆ ಇಬ್ಬರೂ.”

“ಅವರು ನಿನ್ನ ಕಡೆಯವರೋ?”

“ಅವರ ಹೆಸರೂ ಗೊತ್ತಿಲ್ಲ.”

ಚೌಡಿ ಮೂರು ದಿನ ಕೂತು ಜಾಲಿಮರದ ತಿರುಪು ಕಡೆದಳು. ಒಂದು ಸುತ್ತಿಗೆ ಒಂದು ಅಂಗುಲ ಏರುವಂತೆ ಅದರ ಮೈಗೂ, ಅದು ಕೂರುವ ದಿಮ್ಮಿಯ ತೂತಿನ ಒಳಗೂ ಗೆರೆ ಕೊರೆದಳು. ಬಾಗಿಲಿನಿಂದ ಹೊರಚಾಚಿದ ಕಲ್ಲಿನ ಕೆಳಗೆ ಎರಡನ್ನೂ ನಿಲ್ಲಿಸಿ, ಹರಳೆಣ್ಣೆ ಸವರಿ, ಉದ್ದ ಹಿಡಿಯನ್ನು ಸುತ್ತಿಸಿದಳು. ಮೋಸವಿರಬಹುದೆಂದು ಅರಸ ಪ್ರತಿ ಸುತ್ತಿಗೂ ಗೋಡೆಯ ಮೇಲೆ ತಾನೇ ಇದ್ದಿಲಿನಿಂದ ಗೀಟು ಹಾಕಿದ.

ಗೇಣಿಗೆ ಹನ್ನೆರಡು ಅಂಗುಲದ ಲೆಕ್ಕದಲ್ಲಿ ಬಾಗಿಲು ಮೂರು ಗೇಣು ಎದ್ದಿತು. ಮಾಲಿಂಗ ತಲೆ ಹೊರಗೆ ಹಾಕಿದ.

“ಅಲ್ಲೇ ಇರು,” ಎಂದ ಅರಸ. “ಚೌಡಿ, ಈಗ ಕೈ ಬಿಡು.”

“ಅಣ್ಣ ಬರಲಿ, ಬುದ್ಧಿ.”

“ಈಗಲೇ. ಇಲ್ಲದಿದ್ದರೆ ಮೂರನೆಯ ಉತ್ತರ ಸುಳ್ಳು.”

ಚೌಡಿ ಅಣ್ಣನ ಕುತ್ತಿಗೆ ನೋಡಿದಳು, ಅದರ ಮೇಲಿನ ಕಲ್ಲು ನೋಡಿದಳು. ಎರಡೂ ಕೈ ಬಿಟ್ಟಳು.

ಮರ ಒಮ್ಮೆ ಕಿರುಗುಟ್ಟಿತು. ಬಾಗಿಲು ಅಲುಗಲಿಲ್ಲ.

ಮಾಲಿಂಗ ತೆವಳಿ ಹೊರಬಂದ. ಆ ಇಬ್ಬರ ಬೇಡಿ ಕಳಚಿದರು. ಕೆರೆಯ ಕೆಳಗಿನ ಒಂದು ಗದ್ದೆ ಚೌಡಿಯದಾಯಿತು. ಅರಸ ಗೋಡೆಯ ಗೀಟುಗಳನ್ನು ಎರಡು ಸಲ ಎಣಿಸಿದ. ಎರಡು ಸಲವೂ ಮೂವತ್ತಾರು.