ಮೂಲಂಗಿ ಪುಸ್ತಕ ಸುಡಲು ಹೊರಟ ದೊರೆ

ಕೆಂಬಾರೆಯ ದೊರೆ ಬೊಮ್ಮರಸನಿಗೆ ಮೂಲಂಗಿ ಅಂದರೆ ಪ್ರಾಣ. ಬೆಳಿಗ್ಗೆ ಮೂಲಂಗಿ ಪಲ್ಯ, ಮಧ್ಯಾಹ್ನ ಮೂಲಂಗಿ ಹುಳಿ, ನಡುನಡುವೆ ಹಸಿ ಮೂಲಂಗಿ ಕಟಕಟ. ಆಮೇಲೆ ಸಭೆ. ಸಭೆಯಲ್ಲಿ ಆಗುವುದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಬಾಯಿ ಬಿಟ್ಟರೆ ಒಳಗೇ ಹೋಗುತ್ತೆ!

ಒಂದು ದಿನ ದೊರೆ ಸಿಂಹಾಸನ ಗುದ್ದಿದ. "ಓಬಳಮ್ಮ! ನಿನ್ನ ಭಂಡಾರದಲ್ಲಿ ಒಂದು ಅಡುಗೆ ಪುಸ್ತಕ ಇದೆಯಂತೆ. ‘ಮೂಲಂಗಿ ತಿಂದವನು ಸಭೆಯಲ್ಲಿ ಕೂರಬಾರದು’ ಅಂತ ಬರೆದಿದೆಯಂತೆ. ಸುಡು ಅದನ್ನ! ಇಲ್ಲದಿದ್ರೆ ಭಂಡಾರಕ್ಕೇ ಬೀಗ!"

ಓಬಳಮ್ಮ ಅರಮನೆಯ ಪುಸ್ತಕ ಭಂಡಾರ ನೋಡಿಕೊಳ್ಳುವವಳು. ಇವತ್ತು ಮೂಲಂಗಿ ಪುಸ್ತಕ ಕೊಟ್ಟರೆ ನಾಳೆ ಬದನೆಕಾಯಿ ಪುಸ್ತಕ ಕೇಳ್ತಾನೆ ಅಂತ ಅವಳಿಗೆ ಗೊತ್ತು. ಆ ಪುಸ್ತಕದ ಓಲೆಗರಿ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಳು.

"ಆಗಲಿ ಬುದ್ಧಿ. ಆದರೆ ಊರವರು ಇದನ್ನ ನಕಲು ಮಾಡ್ಕೊಂಡಿದ್ದಾರೆ. ಮೊದಲು ಡಂಗುರ ಸಾರಿಸಬೇಕು."

"ಸಾರಿಸು!"

"ಕಾರಣ ಏನಂತ ಸಾರಿಸಲಿ?"

ಆ ಊರಲ್ಲಿ ಕಾರಣ ಹೇಳದೆ ಡಂಗುರ ಸಾರುವ ಹಾಗಿಲ್ಲ. ದೊರೆಯ ಅಜ್ಜ ಒಮ್ಮೆ ಹೊಸ ಆನೆ ತೋರಿಸುವ ಆಸೆಗೆ ‘ಎಲ್ಲರೂ ಹೊರಗೆ ಬನ್ನಿ’ ಅಂತಷ್ಟೇ ಸಾರಿಸಿದ್ದ. ಶತ್ರು ಬಂದ ಅಂದುಕೊಂಡು ಜನ ಕೋಳಿ, ಕುರಿ, ಅತ್ತೆ ಸಮೇತ ಪಕ್ಕದ ರಾಜ್ಯಕ್ಕೆ ಓಡಿದ್ದರು! ಅಂದಿನಿಂದ ಈ ಕಟ್ಟಳೆ.

"ದೊರೆಗೆ ಸಿಟ್ಟು ಬಂದಿದೆ ಅನ್ನು."

"ಯಾಕೆ ಸಿಟ್ಟು ಅಂತಾರೆ. ಮೂಲಂಗಿ ಅಂದರೆ ಸಾಕು, ಎಲ್ಲರೂ ಮೂಗು ಮುಚ್ಕೊಂಡು ಅರಮನೆ ಕಡೆ ನೋಡ್ತಾರೆ."

"ಹಾಗಾದ್ರೆ ಪುಸ್ತಕ ಸುಳ್ಳು ಅಂತ ಸಾರಿಸು!"

"ಪರೀಕ್ಷೆ ಮಾಡದೆ ಹೇಗೆ ಬುದ್ಧಿ? ಒಂದು ಬುಟ್ಟಿ ಮೂಲಂಗಿ ತಿನ್ನಿ. ಬಾಗಿಲು, ಕಿಟಕಿ ಹಾಕಿ ಸಭೆ ನಡೆಸೋಣ."

ಮಂತ್ರಿ ಜಟ್ಟಪ್ಪಯ್ಯ ಧಡಾರನೆ ಅವಳ ಕಾಲಿಗೆ ಬಿದ್ದ. "ಬೇಡ ತಾಯಿ! ನನಗೆ ಸಣ್ಣ ಸಣ್ಣ ಮಕ್ಕಳಿದ್ದಾರೆ!"

ದೊರೆಗೆ ರೋಷ ಉಕ್ಕಿತು. "ತನ್ನಿ ಬುಟ್ಟಿ!" ಬುಟ್ಟಿ ಖಾಲಿಯಾಯಿತು. ಬಾಗಿಲು ಮುಚ್ಚಿತು. ದೊರೆ ಕಣ್ಣು ಅರಳಿಸಿ, ಉಸಿರು ಬಿಗಿಹಿಡಿದು ಕೂತ. ಹೊಟ್ಟೆ ಗುಡುಗುಡು ಅಂದರೂ ಅಲುಗಾಡಲಿಲ್ಲ.

"ನೋಡಿದ್ರಾ? ಏನೂ ಆಗಲಿಲ್ಲ! ಪುಸ್ತಕ ಸುಳ್ಳು! ತಾರೋ ದೀವಟಿಗೆ, ಇಲ್ಲೇ ಸುಡ್ತೀನಿ!" ಅಂತ ಎದ್ದ.

ಏಳಬಾರದಿತ್ತು.

ಢರ್‌ರ್‌ರ್‌ರ್!

ಸೇನಾಪತಿ ಕತ್ತಿ ಬಿಸಾಕಿ ಶರಣಾದ. ಪಂಜರದ ಗಿಳಿ ತಲೆಕೆಳಗಾಯಿತು. ಅಷ್ಟರಲ್ಲಿ ಮೂಲೆಯಲ್ಲಿದ್ದ ಸೇವಕ ಉರಿಯುವ ದೀವಟಿಗೆ ಹಿಡಿದು ದೊರೆಯ ಹಿಂದೆಯೇ ಬಂದು ನಿಂತ.

ಓಬಳಮ್ಮ ಕಿರುಚಿದಳು. "ಅಯ್ಯೋ, ದೂರ ಹೋಗೋ! ಈಗ ಒಂದು ಕಿಡಿ ಬಿದ್ದರೆ ಪುಸ್ತಕ ಒಂದೇ ಅಲ್ಲ, ಅರಮನೇನೇ ಹಾರಿಹೋಗುತ್ತೆ!"

ದೊರೆಗೆ ನಗು ತಡೆಯಲಾಗಲಿಲ್ಲ. ನಕ್ಕಾಗೆಲ್ಲ ಇನ್ನೊಂದು ಢರ್!

"ಪುಸ್ತಕ ಇರಲಿ, ಭಂಡಾರ ಇರಲಿ, ಓಬಳಮ್ಮನಿಗೊಂದು ರೇಷ್ಮೆ ಸೀರೇನೂ ಇರಲಿ," ಅಂದ ಮೂಗು ಹಿಡಿದುಕೊಂಡು, "ಮೊದಲು ಬಾಗಿಲು ತೆಗೀರೋ!"