ಫ್ಯಾನಿನ ಕೆಳಗಿನ ಸನ್ಮಾನ

ವಿಶ್ವವಿದ್ಯಾಲಯದ ಓದುವ ಕೋಣೆಯಲ್ಲಿ ಒಂದು ಫ್ಯಾನು. ಹಾಕಿದರೆ ಸಾಕು, ಕುಡುಕನಂತೆ ತೂರಾಡುತ್ತಿತ್ತು. ಛತ್ತಿನ ಸುಣ್ಣದ ಚಕ್ಕೆ ಪುಸ್ತಕದ ಮೇಲೆ ಉದುರುತ್ತಿತ್ತು. ರಿಪೇರಿ ಮಾಡಿಸಿ ಅಂತ ನೀಲವ್ವ ಎಂಬ ಹುಡುಗಿ ಕುಲಸಚಿವ ಹೊಸಮನಿಯವರನ್ನು ಕೇಳಿದಳು.

ಸಾಹೇಬರು ಮೀಸೆ ತಿರುವಿದರು. "ಅದು ಬೀಳೂದಿಲ್ಲ. ಇನ್ನೊಮ್ಮೆ ಬಾಯಿ ತೆಗದ್ರ ಕೋಣಿಗೇ ಬೀಗ ಹಾಕಸ್ತೀನಿ."

ಪರೀಕ್ಷೆ ಹತ್ತಿರ. ಹಾಸ್ಟೆಲ್ಲಿನಲ್ಲಿ ಕೂತು ಓದಲು ಜಾಗವಿಲ್ಲ. ಬೀಗ ಬಿದ್ದರೆ ಓದೂ ಮುಗಿದಂತೆ. ನೀಲವ್ವ ಕೈಮುಗಿದಳು. "ತಪ್ಪಾತ್ರಿ ಸರ. ನಾಳೆ ಅಲ್ಲೇ ನಿಮಗೊಂದು ಸನ್ಮಾನ ಇಟ್ಕೊಂಡೀವ್ರಿ."

ಸನ್ಮಾನವೆಂದರೆ ಸಾಹೇಬರು ಜ್ವರವಿದ್ದರೂ ಎದ್ದು ಬರುವವರು. ಬಂದರು. ಕುರ್ಚಿ ಸರಿಯಾಗಿ ಆ ಫ್ಯಾನಿನ ಕೆಳಗೇ ಇತ್ತು. ಹುಡುಗರು ಶಾಲು ಹೊದಿಸಿದರು, ಪೇಟ ಇಟ್ಟರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಕೂರಿಸಿದರು. ನೀಲವ್ವ ಫ್ಯಾನಿನ ಸ್ವಿಚ್ಚು ಒತ್ತಿ, ಮೈಕು ಹಿಡಿದು ಸಾಹೇಬರ ಗುಣಗಾನ ಶುರು ಮಾಡಿದಳು. ಅದೂ ಹುಟ್ಟಿದ ಊರಿನಿಂದ, ನಿಧಾನಕ್ಕೆ.

ಹೊಗಳುವಾಗ ಎದ್ದು ಹೋಗುವುದುಂಟೇ? ಫ್ಯಾನು ಕಿರುಗುಟ್ಟಿತು. ಪೇಟದ ಮೇಲೆ ಚಕ್ಕೆ ಬಿತ್ತು. ಸಾಹೇಬರು ಬುಟ್ಟಿಯನ್ನೇ ತಲೆಯ ಮೇಲೆ ಹಿಡಿದರು. ಮೋಸಂಬಿಗಳು ಉರುಳಿಕೊಂಡು ಹೋದವು.

"ಫ್ಯಾನ್ ಬಂದ್ ಮಾಡ್ರಿ!"

"ಯಾಕ್ರಿ ಸರ? ಬೀಳೂದಿಲ್ಲಂತ ನೀವ ಹೇಳಿದ್ರಲ್ರಿ. ನಾವು ದಿನಾ ಇಲ್ಲೇ ಕುಂತು ಓದ್ತೀವ್ರಿ."

"ಬಂದ್ ಮಾಡವಾ ತಾಯಿ!"

"ರಿಪೇರಿಯಾಂವ ಹೊರಗ ನಿಂತಾನ್ರಿ. ನೀವು ಹೂಂ ಅಂದ್ರ ಒಳಗ ಬರ್ತಾನ. ಇಲ್ಲಾಂದ್ರ ಭಾಷಣ ಮುಗೀಲಿ. ಈಗಿನ್ನೂ ನಿಮ್ಮ ಬಾಲ್ಯದಾಗ ಅದೀನ್ರಿ."

ಬುಟ್ಟಿಯ ಕೆಳಗಿನಿಂದ ಮೂರು ಸಲ "ಹೂಂ" ಕೇಳಿಸಿತು.